ಫಾಕ್ಸ್‌ಪ್ರೊದಲ್ಲಿ ಸಿಕ್ಕಿಕೊಂಡ ಸಂಘದ 24 ವರ್ಷದ ಲೆಕ್ಕ: ಕಡಿಮೆ ಖರ್ಚಿನಲ್ಲಿ ಎಲ್ಲಿಗೆ ಸಾಗಿಸುವುದು?

ಸಂಘದ ಲೆಕ್ಕ, ಬಸವನಗುಡಿ
ಎಲ್ಲರಿಗೂ ನಮಸ್ಕಾರ. ನಾನು ಬಸವನಗುಡಿಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಸುಮಾರು 2,800 ಸದಸ್ಯರಿದ್ದಾರೆ. ಷೇರು, ಠೇವಣಿ, ಪಿಗ್ಮಿ, ಸಾಲ, ಸುಸ್ತಿ ಎಲ್ಲವೂ ವಿಷುಯಲ್ ಫಾಕ್ಸ್‌ಪ್ರೊ 6 ಎಂಬ ಹಳೇ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಬರೆದ ಒಂದು ಪ್ರೋಗ್ರಾಮಿನಲ್ಲಿದೆ. 2001ರಲ್ಲಿ ಒಬ್ಬರು ಬರೆದುಕೊಟ್ಟಿದ್ದು. ತುಂಬಾ ಅಚ್ಚುಕಟ್ಟಾದ ಕೆಲಸ. ಅವರು ಈಗಿಲ್ಲ.

ಹೋದ ವಾರ ಬೆಳಿಗ್ಗೆ ಆ ಕಂಪ್ಯೂಟರ್ ಆನ್ ಆಗಲಿಲ್ಲ. ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರ. ಎಸ್‌.ಪಿ. ರಸ್ತೆಗೆ ಆಟೋದಲ್ಲಿ ಹಾಕಿಕೊಂಡು ಹೋದೆ. ಪವರ್ ಸಪ್ಲೈ ಬದಲಿಸಿ ಕೊಟ್ಟರು. "ಮೇಡಂ, ಇನ್ನೊಂದು ಸಲ ಬೋರ್ಡ್ ಹೋದರೆ ಇದಕ್ಕೆ ಹೊಂದುವ ಬೋರ್ಡ್ ನನ್ನ ಹತ್ತಿರ ಇಲ್ಲ" ಎಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ರೆಡಿಮೇಡ್ ಸಾಫ್ಟ್‌ವೇರ್ ಮಾರುವ ಒಬ್ಬರನ್ನು ಕರೆಸಿದೆವು. ನಾಲ್ಕೂವರೆ ಲಕ್ಷ, ಜೊತೆಗೆ ವರ್ಷ ವರ್ಷ 90 ಸಾವಿರ ಎಂದರು. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇನ್ನೊಂದು ಮಾತಿಗೆ. ಹಳೇ ವ್ಯವಹಾರ ಯಾವುದೂ ಬರುವುದಿಲ್ಲವಂತೆ, ಏಪ್ರಿಲ್ 1ರ ಬಾಕಿ ಮಾತ್ರ ಹತ್ತಿಸಿಕೊಡುತ್ತಾರಂತೆ. 2006ರ ರಸೀದಿ ಹಿಡಿದುಕೊಂಡು ಬರುವ ಅಜ್ಜಿಯರು ನಮ್ಮಲ್ಲಿದ್ದಾರೆ. ಅವರಿಗೆ ನಾನು ಏನು ತೋರಿಸಲಿ?

ನಮಗೆ ಒಂದು ಲಕ್ಷದ ಒಳಗೆ ಆಗಬೇಕು. ಮೂರು ಕೌಂಟರ್. ಎಲ್ಲಾ ಹಳೇ ಲೆಕ್ಕವೂ ಬರಬೇಕು. ದಾರಿ ಇದೆಯಾ?

ಹಳೇ ಫಾಕ್ಸ್, ರಾಜಾಜಿನಗರ
ದಾರಿ ಇದೆ ಮೇಡಂ, ಹೆದರಬೇಡಿ. ಆದರೆ ಮೊದಲು ಒಂದು ಕೆಲಸ ಇವತ್ತೇ ಮಾಡಿ. ಎಲ್ಲರೂ ಪ್ರೋಗ್ರಾಮಿನಿಂದ ಹೊರಗೆ ಬಂದ ಮೇಲೆ ಆ ಫೋಲ್ಡರನ್ನು ಪೂರ್ತಿ, ಒಂದು ಫೈಲೂ ಬಿಡದೆ, ಎರಡು ಬೇರೆ ಬೇರೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಒಂದನ್ನು ಸಂಘದ ಕಪಾಟಿನಲ್ಲಿಡಿ, ಇನ್ನೊಂದನ್ನು ಬೇರೆ ಕಟ್ಟಡದಲ್ಲಿಡಿ.

ಲೆಕ್ಕದ ಟೇಬಲ್ ಇರುವ ಡಿಬಿಎಫ್ ಫೈಲ್ ಮಾತ್ರ ಸಾಲದು. ಜೊತೆಗೆ ಅದೇ ಹೆಸರಿನ ಎಫ್‌ಪಿಟಿ ಫೈಲ್ ಇದ್ದರೆ ಅದರಲ್ಲಿ ಮೆಮೊ, ಅಂದರೆ ಉದ್ದದ ಟಿಪ್ಪಣಿಗಳಿರುತ್ತವೆ. ಸಿಡಿಎಕ್ಸ್ ಎಂದರೆ ಬೇಗ ಹುಡುಕಲು ಇರುವ ಇಂಡೆಕ್ಸ್, ಅದು ಹೋದರೆ ಮತ್ತೆ ಕಟ್ಟಬಹುದು. ಎಫ್‌ಪಿಟಿ ಹೋದರೆ ಹೋಯಿತು, ವಾಪಸ್ ಬರುವುದಿಲ್ಲ.

ನಾನು ಇಪ್ಪತ್ತು ವರ್ಷ ಫಾಕ್ಸ್‌ಪ್ರೊದಲ್ಲೇ ಅನ್ನ ಉಂಡವನು. ಅದರ ಮೇಲೆ ಇವತ್ತಿಗೂ ಪ್ರೀತಿ ಇದೆ. 1992ರಲ್ಲಿ ಫಾಕ್ಸ್ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಕೊನೆಯ ಆವೃತ್ತಿ 9 ಬಂದಿದ್ದು 2004ರಲ್ಲಿ. ಇನ್ನು ಮುಂದೆ ಹೊಸದು ಬರುವುದಿಲ್ಲ ಎಂದು 2007ರಲ್ಲಿ ಹೇಳಿದರು. 2015ರ ಜನವರಿಗೆ ಬೆಂಬಲ ಪೂರ್ತಿ ನಿಂತಿತು. ಅವತ್ತು ಮನೆಯಲ್ಲಿ ಯಾರೋ ಹೋದ ಹಾಗೆ ಅನ್ನಿಸಿತ್ತು. ಆದರೂ ನಿಮ್ಮ ಅದೃಷ್ಟ ಒಂದಿದೆ. ಡಿಬಿಎಫ್ ಎಂಬುದು ಡಿಬೇಸ್ ಎಂಬ ಇನ್ನೂ ಹಳೇ ಸಾಫ್ಟ್‌ವೇರ್ ಕಾಲದ, ತುಂಬಾ ಸರಳವಾದ ಫೈಲ್. ಒಳಗೆ ಬೀಗ ಇಲ್ಲ. ಲಿಬ್ರೆಆಫೀಸ್‌ನ ಕ್ಯಾಲ್ಕ್ ಅದನ್ನು ತೆರೆಯುತ್ತದೆ, ಪೈಥಾನ್ ಭಾಷೆಯ ಪ್ರೋಗ್ರಾಮು ಓದುತ್ತದೆ, ಪಿಜಿಲೋಡರ್ ಎಂಬ ಉಚಿತ ಟೂಲ್ ಅದನ್ನು ನೇರ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಹತ್ತಿಸುತ್ತದೆ. ಹಳೇ ವ್ಯವಹಾರ ಬರುವುದಿಲ್ಲ ಎಂದವರು ಬರಿಸಲು ಮನಸ್ಸಿಲ್ಲ ಎಂದು ಹೇಳಿದ್ದಾರೆ, ಅಷ್ಟೇ.

ನನ್ನ ಸಲಹೆ ಪೋಸ್ಟ್‌ಗ್ರೆಸ್. ಲೈಸೆನ್ಸ್ ಹಣ ಇಲ್ಲ. ಸದಸ್ಯರು ಎಷ್ಟಾದರೂ, ಕೌಂಟರ್ ಎಷ್ಟಾದರೂ ಯಾರೂ ಬಿಲ್ ಕಳಿಸುವುದಿಲ್ಲ. ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತದೆ, ಪ್ರತಿಯೊಂದಕ್ಕೂ ಐದು ವರ್ಷ ತಿದ್ದುಪಡಿ ಸಿಗುತ್ತದೆ. ಹಾಗಾಗಿ ನಾಲ್ಕು ವರ್ಷಕ್ಕೊಮ್ಮೆ ಮೇಲಕ್ಕೆ ಏರಿಸಿಕೊಂಡರೆ ಸಾಕು. ಮತ್ತೆ ಕರೆಂಟ್ ವಿಷಯ. ಫಾಕ್ಸ್‌ಪ್ರೊದಲ್ಲಿ ಬರೆಯುತ್ತಿರುವಾಗ ಕರೆಂಟ್ ಹೋದರೆ ಇಂಡೆಕ್ಸ್ ಕೆಡುವುದು ನಿಮಗೇ ಗೊತ್ತಿರುತ್ತದೆ. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಟೇಬಲ್ ಮುಟ್ಟುತ್ತದೆ. ಕರೆಂಟ್ ಬಂದ ಮೇಲೆ ಆ ದಿನಚರಿ ನೋಡಿ ತಾನೇ ಸರಿಮಾಡಿಕೊಳ್ಳುತ್ತದೆ.

ಒಂದು ಪ್ರಶ್ನೆ: ಪ್ರೋಗ್ರಾಮಿನ ಮೂಲ ಬರಹ, ಪಿಆರ್‌ಜಿ ಫೈಲುಗಳು ಇವೆಯಾ?

ಸಣ್ಣ ಕಾರ್ಖಾನೆ, ಪೀಣ್ಯ
ನಮ್ಮದು ಜಾಬ್‌ವರ್ಕ್ ಘಟಕ. ನಾವು ಮೈಕ್ರೋಸಾಫ್ಟಿನ ಆಕ್ಸೆಸ್ ಎಂಬ ಡೇಟಾಬೇಸಿನಲ್ಲಿ ಇದ್ದೆವು. ಅದರ ಫೈಲ್ 2 ಜಿಬಿಗಿಂತ ದೊಡ್ಡದಾಗುವಂತಿಲ್ಲ. ಚಲನ್‌ಗಳ ಸ್ಕ್ಯಾನ್ ಚಿತ್ರಗಳನ್ನು ಅದರೊಳಗೇ ತುಂಬಿ ತುಂಬಿ ಒಂದು ದಿನ ಅಂಚಿಗೆ ಬಂದು ನಿಂತಿತು.

ನಾವು ಆರಿಸಿದ್ದು ಮೈಕ್ರೋಸಾಫ್ಟಿನದೇ ಇನ್ನೊಂದು ಡೇಟಾಬೇಸ್, ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್. ಅದೂ ಉಚಿತವೇ. ನಮ್ಮದು 2022ರ ಆವೃತ್ತಿ, ಒಂದು ಡೇಟಾಬೇಸ್ 10 ಜಿಬಿವರೆಗೆ ಬೆಳೆಯಬಹುದು. ಆಕ್ಸೆಸ್ ಪರದೆಗಳನ್ನು ಹಾಗೇ ಇಟ್ಟುಕೊಂಡು ಹಿಂದಿನ ಟೇಬಲ್ ಮಾತ್ರ ಸರ್ವರ್‌ಗೆ ಜೋಡಿಸಿದೆವು. ಹುಡುಗರಿಗೆ ಬದಲಾವಣೆ ಗೊತ್ತೇ ಆಗಲಿಲ್ಲ. ವಿಂಡೋಸ್ ಬಿಟ್ಟು ಹೋಗುವುದು ಬೇಡ ಎನ್ನುವವರಿಗೆ ಇದು ಸುಲಭ. ಆದರೆ ಉಚಿತ ಎಂದು ಹಾಕಿ ಮರೆಯಬೇಡಿ, ಅದಕ್ಕೂ ವಯಸ್ಸಾಗುತ್ತದೆ. 2014ರ ಆವೃತ್ತಿಗೆ 2024ರ ಜುಲೈನಲ್ಲಿ ಬೆಂಬಲ ಮುಗಿಯಿತು. 2016ರದ್ದು 2026ರ ಜುಲೈಗೆ ಮುಗಿಯುತ್ತದೆ.

ಲೆಕ್ಕದ ಅಂಗಡಿ, ಚಿಕ್ಕಪೇಟೆ
ನಾನು ಮಾಡಿದ ತಪ್ಪು ನೀವು ಮಾಡಬಾರದು ಎಂದು ಬರೆಯುತ್ತಿದ್ದೇನೆ. ನಮ್ಮದು ಸೀರೆ ಹೋಲ್‌ಸೇಲ್. ಹಳೇ ಬಿಲ್ಲಿಂಗ್ ಬಿಟ್ಟು ಎಸ್‌ಕ್ಯುಎಲೈಟ್ ಎಂಬ ಪುಟ್ಟ ಡೇಟಾಬೇಸ್‌ಗೆ ಹೋದೆವು. ಅದರ ಬಗ್ಗೆ ನನಗೆ ಒಂದೂ ದೂರಿಲ್ಲ. ಒಂದೇ ಫೈಲ್, ಇನ್‌ಸ್ಟಾಲ್ ಮಾಡುವ ರಗಳೆ ಇಲ್ಲ, ಯಾರ ಲೈಸೆನ್ಸೂ ಬೇಡ. ನಮ್ಮ ಕೈಯಲ್ಲಿರುವ ಫೋನಿನ ಒಳಗೂ ಅದೇ ಇದೆ. ಒಂದು ಕೌಂಟರ್ ಇರುವವರೆಗೆ ಚಿನ್ನದ ಹಾಗೆ ನಡೆಯಿತು.

ದಸರಾ ಸೀಸನ್‌ಗೆ ಇನ್ನೆರಡು ಕೌಂಟರ್ ಹಾಕಿದೆವು. ಫೈಲನ್ನು ಶೇರ್ಡ್ ಫೋಲ್ಡರಿನಲ್ಲಿಟ್ಟು ಮೂರು ಕಡೆಯಿಂದ ಬಿಲ್ ಹೊಡೆದೆವು. ಹತ್ತನೇ ದಿನ ಫೈಲ್ ಕೆಟ್ಟಿತು. ಅರ್ಧ ದಿನದ ಬಿಲ್ ಕಾರ್ಬನ್ ಕಾಪಿ ನೋಡಿ ಮತ್ತೆ ಹತ್ತಿಸಿದೆವು. ನೆಟ್‌ವರ್ಕ್ ಫೋಲ್ಡರಿನಲ್ಲಿ ಇಡಬೇಡಿ, ಅಲ್ಲಿ ಬೀಗ ಹಾಕುವ ವ್ಯವಸ್ಥೆಯನ್ನು ನಂಬುವಂತಿಲ್ಲ ಎಂದು ಎಸ್‌ಕ್ಯುಎಲೈಟ್ ಬರೆದವರೇ ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಓದಿರಲಿಲ್ಲ. ನಿಮ್ಮಲ್ಲಿ ಮೂರು ಕೌಂಟರ್ ಇದೆ ಎಂದಿರಿ, ಹಾಗಾಗಿ ಸರ್ವರ್, ಅಂದರೆ ಎಲ್ಲಾ ಕೌಂಟರ್‌ಗಳ ಕೆಲಸ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ ಇರುವ ಡೇಟಾಬೇಸನ್ನೇ ತೆಗೆದುಕೊಳ್ಳಿ. ನಾವು ಈಗ ಮಾರಿಯಾಡಿಬಿಯಲ್ಲಿದ್ದೇವೆ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ಒರಾಕಲ್ ಕಂಪನಿಯ ಕೈಗೆ ಹೋಗುವ ಹೊತ್ತಿಗೆ ಅದನ್ನು ಕಟ್ಟಿದವರೇ ಬೇರೆಯಾಗಿ ತೆಗೆದ ಕವಲು ಅದು.

ಯಾರಾದರೂ ಇನ್ನೂ ಮೈಎಸ್‌ಕ್ಯುಎಲ್ 5.7ರಲ್ಲಿ ಇದ್ದರೆ ಏಳಿ. ಅದರ ಬೆಂಬಲ 2023ರ ಅಕ್ಟೋಬರ್‌ಗೆ ಮುಗಿದಿದೆ.

ಸಂಘದ ಲೆಕ್ಕ, ಬಸವನಗುಡಿ
ಎಲ್ಲರಿಗೂ ಧನ್ಯವಾದ. ಕಾಪಿ ಮಾಡಿದೆ. ಪೂರ್ತಿ ಫೋಲ್ಡರ್ 180 ಎಂಬಿ ಇದೆ ಅಷ್ಟೇ! ಇಷ್ಟಕ್ಕೆ ನಾಲ್ಕೂವರೆ ಲಕ್ಷವಾ ಎಂದು ಅನ್ನಿಸಿತು.

ಹಳೇ ಫಾಕ್ಸ್ ಸರ್, ಪಿಆರ್‌ಜಿ ಫೈಲ್ ಇಲ್ಲ. ಪ್ರೋಗ್ರಾಮು ಓಡಿಸುವ ಒಂದು ಇಎಕ್ಸ್‌ಇ ಫೈಲ್ ಮಾತ್ರ ಇದೆ.

ಇನ್ನೊಂದು ತೊಂದರೆ. ಸದಸ್ಯರ ಟೇಬಲನ್ನು ಲಿಬ್ರೆಆಫೀಸ್‌ನಲ್ಲಿ ತೆರೆದೆ. ಸಂಖ್ಯೆಗಳೆಲ್ಲ ಸರಿ ಇವೆ. ಹೆಸರಿನ ಜಾಗದಲ್ಲಿ ಏನೇನೋ ಚಿಹ್ನೆಗಳು. ನಮ್ಮ ಹೆಸರುಗಳು ನುಡಿ ಫಾಂಟಿನಲ್ಲಿವೆ. ಎರಡು ಸಾವಿರದ ಎಂಟುನೂರು ಹೆಸರು, ತಂದೆಯ ಅಥವಾ ಗಂಡನ ಹೆಸರು, ವಿಳಾಸ, ಜಾಮೀನುದಾರರ ಹೆಸರು. ಇದನ್ನೆಲ್ಲ ಮತ್ತೆ ಟೈಪ್ ಮಾಡಬೇಕಾ?

ಹಳೇ ಫಾಕ್ಸ್, ರಾಜಾಜಿನಗರ
ಇಎಕ್ಸ್‌ಇ ಇದ್ದರೂ ಪರವಾಗಿಲ್ಲ. ಫಾಕ್ಸ್‌ಪ್ರೊ ಇಎಕ್ಸ್‌ಇ ಒಳಗೆ ಇರುವುದು ಅರೆಬೆಂದ ಕೋಡ್. ಅದನ್ನು ಮತ್ತೆ ಓದುವ ಹಾಗೆ ಬಿಡಿಸಬಹುದು, ರೀಫಾಕ್ಸ್ ಎಂಬ ಟೂಲ್ ಅದಕ್ಕೆಂದೇ ಇದೆ. ಸಂಘ ಹಣ ಕೊಟ್ಟು ಬರೆಸಿದ ಪ್ರೋಗ್ರಾಮು, ಒಪ್ಪಂದದ ಕಾಗದ ಇದ್ದರೆ ಹುಡುಕಿಟ್ಟುಕೊಳ್ಳಿ. ಬಡ್ಡಿ ಹೇಗೆ ಲೆಕ್ಕ ಹಾಕುತ್ತಿದ್ದರು ಎಂಬುದು ಅದರೊಳಗೆ ಮಾತ್ರ ಇದೆ. ಡೇಟಾಬೇಸ್ ಪುಕ್ಕಟೆ ಸಿಗುತ್ತದೆ ಮೇಡಂ. ಖರ್ಚು ಬರುವುದೆಲ್ಲ ಆ ನಿಯಮಗಳನ್ನು ಹೊರಗೆ ತೆಗೆಯುವುದಕ್ಕೆ. ಫಾಂಟಿನ ವಿಷಯ ಗೊತ್ತಿರುವವರು ಹೇಳಲಿ.

ಅಕ್ಷರ ತಿದ್ದುವವರು, ಮಲ್ಲೇಶ್ವರ
ಮತ್ತೆ ಟೈಪ್ ಮಾಡಬೇಡಿ, ದಯವಿಟ್ಟು. ಎಲ್ಲವೂ ಸಿಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಏಕೆಂದರೆ ಬೆಂಗಳೂರಿನ ಎಷ್ಟೋ ಸಂಘ, ಟ್ರಸ್ಟ್, ಮದುವೆ ಮಂಟಪಗಳ ಹಳೇ ಲೆಕ್ಕ ಇಲ್ಲಿಗೆ ಬಂದೇ ನಿಲ್ಲುತ್ತದೆ.

ನಿಮ್ಮ ಫೈಲಿನಲ್ಲಿ ಇರುವುದು ಕನ್ನಡ ಅಕ್ಷರವಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮೇಲೆ ಕನ್ನಡದ ಚಿತ್ರ ಅಂಟಿಸಿದ್ದು ಆ ಹಳೇ ಫಾಂಟ್. "ಕನ್ನಡ" ಎಂಬ ಪದವನ್ನೇ ನೋಡಿ. ಫೈಲಿನಲ್ಲಿ ಅದು ಏಳು ಬೈಟ್, ಅಂದರೆ ಏಳು ಚಿಹ್ನೆ: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಬಿ ಥರದ ಅಕ್ಷರ, ಸಣ್ಣ ಕ್ಯೂ, ಮತ್ತೆ ಅದೇ ಎ. ಇದರಲ್ಲಿ ಪಿ ಎಂದರೆ ತಲೆಕಟ್ಟಿಲ್ಲದ ಕ. ಗೆರೆ ಇರುವ ಎ ಎಂದರೆ ತಲೆಕಟ್ಟು. ಪೌಂಡ್ ಎಂದರೆ ತಲೆಕಟ್ಟಿಲ್ಲದ ನ. ಜರ್ಮನ್ ಅಕ್ಷರ ಎಂದರೆ ನ ಒತ್ತು. ಅಂದರೆ ಅಕ್ಷರಕ್ಕೊಂದು ಸಂಖ್ಯೆ ಅಲ್ಲ, ಅಕ್ಷರದ ತುಂಡಿಗೊಂದು ಸಂಖ್ಯೆ.

ಹಾಗಾಗಿ ಒಂದಕ್ಕೆ ಒಂದು ಬದಲಿಸಿದರೆ ಸರಿಯಾಗುವುದಿಲ್ಲ. "ಮ" ಇದೆಯಲ್ಲ, ಅದು ಆ ಫಾಂಟಿನಲ್ಲಿ "ವ" ಬರೆದು ಪಕ್ಕಕ್ಕೆ ಒಂದು ಬಾಲ ಜೋಡಿಸಿದ್ದು. ಮೊದಲು "ವ" ಹುಡುಕಿ ಬದಲಿಸಿದರೆ ಬಾಲ ಅನಾಥವಾಗಿ ಉಳಿಯುತ್ತದೆ. ಯಾವಾಗಲೂ ಉದ್ದದ ಜೋಡಣೆಯನ್ನು ಮೊದಲು ಬದಲಿಸಬೇಕು. ಅರ್ಕಾವೊತ್ತು ಇನ್ನೂ ಬೇರೆ. "ಧರ್ಮ" ಎನ್ನುವಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ "ಮ" ಆದ ಮೇಲೆ ಇರುತ್ತದೆ. ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ ಯುನಿಕೋಡ್‌ನಲ್ಲಿ "ರ್" ಮೊದಲು ಬರಬೇಕು. ಜಾಗ ಅದಲು ಬದಲು ಮಾಡಬೇಕು.

ಇದೆಲ್ಲ ಮಾಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಮೂಲ ಬರಹದ ಸಮೇತ. ಆದರೆ ಪರಿವರ್ತಕಕ್ಕೆ ಕೊಡುವ ಮೊದಲೇ ಅಕ್ಷರ ಕೆಡಬಾರದು. ಡಿಬಿಎಫ್ ತಲೆಭಾಗದಲ್ಲಿ ಯಾವ ಕೋಡ್‌ಪೇಜ್, ಅಂದರೆ ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಪಟ್ಟಿ, ಎಂದು ಹೇಳುವ ಒಂದು ಬೈಟ್ ಇದೆ. ಹಳೇ ಫೈಲುಗಳಲ್ಲಿ ಅದು ಎಷ್ಟೋ ಸಲ ಖಾಲಿ. ಆಗ ಟೂಲ್ ತಾನೇ ಊಹಿಸುತ್ತದೆ. ಡಾಸ್ ಕಾಲದ 437 ಎಂದು ಊಹಿಸಿದರೆ ನಿಮ್ಮ ಪೌಂಡ್ ಚಿಹ್ನೆ ಬೇರೆ ಏನೋ ಆಗಿರುತ್ತದೆ, ಆಮೇಲೆ ಎಂಥ ಪರಿವರ್ತಕ ಬಂದರೂ ಕನ್ನಡ ಹೊರಡುವುದಿಲ್ಲ. ಕೋಡ್‌ಪೇಜ್ ಲ್ಯಾಟಿನ್ 1 ಎಂದು ನೀವೇ ಹೇಳಿ ಓದಿಸಿ.

ಬದಲಿಸಿದ ಮೇಲೆ ಎರಡು ವಿಷಯ ಕಣ್ಣಿಟ್ಟು ನೋಡಿ. ಹಳೇ ಹೆಸರಿನ ಅಂಕಣ 30 ಬೈಟ್ ಇದ್ದಿರಬಹುದು. ಉದ್ದದ ಹೆಸರುಗಳು ಅಕ್ಷರದ ನಡುವೆಯೇ ತುಂಡಾಗಿರುತ್ತವೆ, ಕೊನೆಗೆ ಒಂಟಿ ಒತ್ತು ನೇತಾಡುತ್ತಿರುತ್ತದೆ. ಅಂಥವನ್ನು ಬೇರೆ ಪಟ್ಟಿ ಮಾಡಿ ಷೇರು ಅರ್ಜಿ ನೋಡಿ ತಿದ್ದಬೇಕು. ಎರಡನೆಯದು "ವಿಜಯ್‌ಕುಮಾರ್" ಥರದ ಹೆಸರುಗಳು. "ಯ್" ಆದ ಮೇಲೆ ಒತ್ತು ಬಾರದಿರಲಿ ಎಂದು ಅಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಕೂತಿರುತ್ತದೆ. ಒಬ್ಬರು ಅದನ್ನು ಹಾಕಿ ಟೈಪ್ ಮಾಡಿರುತ್ತಾರೆ, ಹುಡುಕುವವರು ಹಾಕದೆ ಹುಡುಕುತ್ತಾರೆ, ಸದಸ್ಯರೇ ಇಲ್ಲ ಎಂದು ಬರುತ್ತದೆ. ಹುಡುಕುವುದಕ್ಕೆಂದೇ ಇನ್ನೊಂದು ಅಂಕಣ ಇಟ್ಟು ಅದರಲ್ಲಿ ಆ ಗುರುತು ತೆಗೆದು ಹಾಕಿ. "ಕೊ", "ಕೋ" ಥರದ ಅಕ್ಷರಗಳನ್ನೂ ಎರಡು ರೀತಿ ಶೇಖರಿಸಬಹುದು. ಪೋಸ್ಟ್‌ಗ್ರೆಸ್ 13ರಿಂದ ಅದನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಎಂಬ ಸೌಲಭ್ಯ ಒಳಗೇ ಇದೆ. ಅಕಾರಾದಿಯಾಗಿ ಜೋಡಿಸಲು ಐಸಿಯು ಕೊಲೇಶನ್, ಅಂದರೆ ಭಾಷೆವಾರು ಅಕ್ಷರಕ್ರಮಗಳಲ್ಲಿ ಕನ್ನಡದ್ದನ್ನು ಆರಿಸಿ.

ಒಬ್ಬ ಸದಸ್ಯರ ಹೆಸರು ಅವರು ಬರೆಯುವ ಹಾಗೇ ಪಾಸ್‌ಬುಕ್ಕಿನಲ್ಲಿ ಬರಬೇಕು. ಹೆಸರು ಇಂಗ್ಲಿಷಿಗೆ ಬದಲಿಸಿಬಿಡಿ, ಕೆಲಸ ಸುಲಭ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಸಣ್ಣ ಕಾರ್ಖಾನೆ, ಪೀಣ್ಯ
ಇದು ಓದಿ ನಮ್ಮಲ್ಲಿ ಆಗಿದ್ದು ಅರ್ಥವಾಯಿತು. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಕನ್ನಡ ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತಿತ್ತು. ಅಂಕಣ ಯುನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಬಗೆಯದ್ದಾಗಿರಬೇಕು, ಕ್ವೆರಿಯಲ್ಲಿ ಪದದ ಮುಂದೆ ಎನ್ ಅಕ್ಷರ ಹಾಕಬೇಕು. ಆಮೇಲೆ ಸರಿಹೋಯಿತು.

ಕ್ಲೌಡ್ ಕೆಲಸ, ವೈಟ್‌ಫೀಲ್ಡ್
ಮೇಡಂ, ಸ್ವಂತ ಯಂತ್ರ ಏಕೆ ಇಟ್ಟುಕೊಳ್ಳುತ್ತೀರಿ? ಪೋಸ್ಟ್‌ಗ್ರೆಸ್ ಅನ್ನೇ ಕ್ಲೌಡ್‌ನಲ್ಲಿ ಬಾಡಿಗೆಗೆ ತೆಗೆದುಕೊಳ್ಳಿ. ಬ್ಯಾಕಪ್, ಅಪ್‌ಡೇಟ್ ಎಲ್ಲಾ ಅವರೇ ನೋಡಿಕೊಳ್ಳುತ್ತಾರೆ. ಇಲ್ಲವಾದರೆ ಇಆರ್‌ಪಿನೆಕ್ಸ್ಟ್ ಎಂಬ ವ್ಯವಹಾರದ ಸಾಫ್ಟ್‌ವೇರ್ ನೋಡಿ. ಮುಂಬೈಯವರು ಕಟ್ಟಿದ್ದು, ಮೂಲ ಬರಹ ತೆರೆದಿದೆ, ಒಳಗಿರುವುದು ಮಾರಿಯಾಡಿಬಿ. ಲೆಕ್ಕಪತ್ರದ ಭಾಗ ಚೆನ್ನಾಗಿದೆ.

ಹಳೇ ಫಾಕ್ಸ್, ರಾಜಾಜಿನಗರ
ಸಲಹೆ ಒಳ್ಳೆಯದೇ. ಹತ್ತು ಶಾಖೆ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಇವರದ್ದು ಒಂದೇ ಕಚೇರಿ, 180 ಎಂಬಿ. ಮಳೆಗೆ ನೆಟ್ ಹೋದ ದಿನ ಪಿಗ್ಮಿ ಹಣ ಕಟ್ಟಲು ಬಂದವರನ್ನು ವಾಪಸ್ ಕಳಿಸಲಾಗುತ್ತದಾ? ತಿಂಗಳ ಬಾಡಿಗೆ ಚಿಕ್ಕದು ಅನ್ನಿಸುತ್ತದೆ, ಆದರೆ ನಿಲ್ಲುವುದೇ ಇಲ್ಲ. ಸರ್ವರ್ ಕಚೇರಿಯಲ್ಲಿರಲಿ, ದಿನದ ಬ್ಯಾಕಪ್ಪಿನ ಒಂದು ಪ್ರತಿಗೆ ಬೀಗ ಹಾಕಿ ಕ್ಲೌಡ್‌ಗೆ ಕಳಿಸಲಿ. ಇನ್ನು ಇಆರ್‌ಪಿನೆಕ್ಸ್ಟ್ ಕಾರ್ಖಾನೆ, ಅಂಗಡಿಗೆ ನಿಜಕ್ಕೂ ಒಳ್ಳೆಯದು. ಪತ್ತಿನ ಸಂಘದ ಸುಸ್ತಿ ಬಡ್ಡಿ, ಪಿಗ್ಮಿ, ಜಾಮೀನು ಇವನ್ನೆಲ್ಲ ಅದಕ್ಕೆ ಹೊಂದಿಸುವ ಕೆಲಸ ಹೊಸದಾಗಿ ಪರದೆ ಬರೆಯುವಷ್ಟೇ ಆಗುತ್ತದೆ.

ಕ್ಲೌಡ್ ಕೆಲಸ, ವೈಟ್‌ಫೀಲ್ಡ್
ನೆಟ್ ವಿಷಯ ಒಪ್ಪಿದೆ ಸರ್. ಹಾಗಾದರೆ ಹಳೇ ಫಾಕ್ಸ್‌ಪ್ರೊ ಪರದೆಯನ್ನೇ ಇಟ್ಟುಕೊಂಡು ಒಡಿಬಿಸಿ ಎಂಬ ಸೇತುವೆಯ ಮೂಲಕ ಪೋಸ್ಟ್‌ಗ್ರೆಸ್‌ಗೆ ಜೋಡಿಸಿದರೆ? ಕಲಿಯುವ ಕಷ್ಟವೇ ಇರುವುದಿಲ್ಲ.

ಅಕ್ಷರ ತಿದ್ದುವವರು, ಮಲ್ಲೇಶ್ವರ
ಇಂಗ್ಲಿಷ್ ಡೇಟಾ ಆಗಿದ್ದರೆ ಅದು ಬಹಳ ಒಳ್ಳೆಯ ದಾರಿ. ಆದರೆ ಫಾಕ್ಸ್‌ಪ್ರೊಗೆ ಯುನಿಕೋಡ್ ಗೊತ್ತಿಲ್ಲ. ಹೊಸ ಕನ್ನಡ ಹೆಸರು ಆ ಪರದೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣುತ್ತದೆ.

ಗ್ರಂಥಾಲಯದ ಕಪಾಟು, ಜಯನಗರ
ಸ್ವಲ್ಪ ಬೇರೆ ವಿಷಯ, ಆದರೆ ಯಾರಿಗಾದರೂ ಉಪಯೋಗವಾದೀತು. ನಮ್ಮ ಟ್ರಸ್ಟ್ ಗ್ರಂಥಾಲಯದ ಕ್ಯಾಟಲಾಗ್ ಯುನೆಸ್ಕೊ ಉಚಿತವಾಗಿ ಹಂಚುತ್ತಿದ್ದ ಸಿಡಿಎಸ್ ಐಸಿಸ್ ಎಂಬ ಸಾಫ್ಟ್‌ವೇರಿನಲ್ಲಿತ್ತು. ಅದರಿಂದ ಐಎಸ್‌ಒ 2709 ಎಂಬ ರೂಪದಲ್ಲಿ ಹೊರತೆಗೆದು ಕೊಹಾಗೆ ಹಾಕಿದೆವು. ಅದು ನ್ಯೂಜಿಲೆಂಡಿನ ಗ್ರಂಥಾಲಯವೊಂದಕ್ಕೆ ಮಾಡಿ 2000ದಲ್ಲಿ ಶುರುವಾದ ಸಾಫ್ಟ್‌ವೇರ್. ಉಚಿತ. ಸಾಮಾನ್ಯ ಕೆಲಸಕ್ಕೆ ಅದೇ ಕ್ಷೇತ್ರದವರು ಕಟ್ಟಿದ ಉಚಿತ ಸಾಫ್ಟ್‌ವೇರ್ ಇದ್ದರೆ ಹೊಸದಾಗಿ ಬರೆಸಬೇಡಿ. ನಮ್ಮಲ್ಲಿ ಎರಡು ತಿಂಗಳು ಹಿಡಿದಿದ್ದು ಲೇಖಕರ ಹೆಸರು ಒಂದೇ ರೀತಿ ಮಾಡಲು. ಒಬ್ಬರೇ ಲೇಖಕರು ಐದು ರೀತಿಯಲ್ಲಿ ಕೂತಿದ್ದರು.

ಸಂಘದ ಲೆಕ್ಕ, ಬಸವನಗುಡಿ
ಹನ್ನೊಂದು ವಾರ ಆಯಿತು. ಏನಾಯಿತು ಎಂದು ಹೇಳಲೇಬೇಕು.

ನಮ್ಮ ಸದಸ್ಯರೊಬ್ಬರ ಮಗಳು ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲಿದ್ದಳು. ಅವಳಿಗೆ 60 ಸಾವಿರಕ್ಕೆ ಕೆಲಸ ಒಪ್ಪಿಸಿದೆವು. ಕೋಡ್ ಸಂಘದ್ದು, ಒಂದು ಪ್ರತಿ ಸಂಘದ ಕಪಾಟಿನಲ್ಲಿ ಇರಬೇಕು ಎಂದು ಕಾಗದದಲ್ಲಿ ಬರೆದುಕೊಂಡೆವು. ಎಸ್‌.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗೆ ಹೊಸ ಎಸ್‌ಎಸ್‌ಡಿ ಹಾಕಿಸಿ 21 ಸಾವಿರ. ಯುಪಿಎಸ್ 4,500. ಲಿನಕ್ಸ್, ಪೋಸ್ಟ್‌ಗ್ರೆಸ್, ಪರದೆಗಳಿಗೆ ಪೈಥಾನ್‌ನ ಜಾಂಗೋ, ಇವಕ್ಕೆ ಒಂದು ರೂಪಾಯಿಯೂ ಇಲ್ಲ. ಕೌಂಟರ್‌ನವರು ಬ್ರೌಸರ್‌ನಲ್ಲೇ ಕೆಲಸ ಮಾಡುತ್ತಾರೆ. ಎಲ್ಲಾ ಸೇರಿ 85,500 ರೂಪಾಯಿ.

ಸುಲಭವಾಗಿರಲಿಲ್ಲ. ಮೊದಲ ಸಲ ಡೇಟಾ ಹತ್ತಿಸಿದಾಗ ಠೇವಣಿ ಮೊತ್ತ ಹಳೇದಕ್ಕಿಂತ ಜಾಸ್ತಿ ಬಂತು. ಸಾಲವೂ ಜಾಸ್ತಿ. ನೋಡಿದರೆ 214 ಖಾತೆಗಳು ಎದ್ದು ಬಂದಿದ್ದವು! ಎಂದೋ ಮುಚ್ಚಿದ, ಅಳಿಸಿದ ಖಾತೆಗಳು. ನಾವಿಬ್ಬರೂ ಎರಡು ದಿನ ತಲೆ ಕೆಡಿಸಿಕೊಂಡೆವು.

ಇನ್ನೊಂದು, ಕೆಲವು ಠೇವಣಿಗಳ ದಿನಾಂಕ 1903, 1904 ಎಂದಿದೆ. ಮೂರನೆಯದು ಬಡ್ಡಿ. 50,000 ರೂಪಾಯಿ ಸಾಲ, ಶೇಕಡ 12, 2023ರ ಏಪ್ರಿಲ್ 1ರಿಂದ 2024ರ ಮಾರ್ಚ್ 31ರವರೆಗೆ. ಹಳೇ ಪ್ರೋಗ್ರಾಮಿನಲ್ಲಿ 6,016 ರೂಪಾಯಿ. ಹೊಸದರಲ್ಲಿ 6,000. ಆ 16 ರೂಪಾಯಿ ಎಲ್ಲಿಂದ ಬಂತು?

ಹಳೇ ಫಾಕ್ಸ್, ರಾಜಾಜಿನಗರ
ಮೂರಕ್ಕೂ ಉತ್ತರ ಇದೆ.

ಡಿಬಿಎಫ್‌ನಲ್ಲಿ ಪ್ರತಿ ದಾಖಲೆಯ ಮೊದಲ ಬೈಟ್ ಒಂದು ಗುರುತು. ಖಾಲಿ ಇದ್ದರೆ ದಾಖಲೆ ಜೀವಂತ. ನಕ್ಷತ್ರ ಚಿಹ್ನೆ ಇದ್ದರೆ ಅಳಿಸಿದ್ದು. ಫಾಕ್ಸ್‌ಪ್ರೊದಲ್ಲಿ ಡಿಲೀಟ್ ಎಂದರೆ ಆ ನಕ್ಷತ್ರ ಹಾಕುವುದು ಮಾತ್ರ. ಪ್ಯಾಕ್ ಎಂಬ ಆಜ್ಞೆ ಕೊಟ್ಟಾಗಲೇ ನಿಜವಾಗಿ ಹೋಗುವುದು. ನಿಮ್ಮಲ್ಲಿ 2001ರಿಂದ ಯಾರೂ ಪ್ಯಾಕ್ ಮಾಡಿಲ್ಲ ಎಂದು ಕಾಣುತ್ತದೆ. ಆ ಹುಡುಗಿಗೆ ಮೊದಲ ಬೈಟ್ ನೋಡಲು ಹೇಳಿ. ಆದರೆ ಆ 214 ದಾಖಲೆಗಳನ್ನು ಬಿಸಾಡಬೇಡಿ, ಬೇರೆ ಟೇಬಲಿನಲ್ಲಿಡಿ.

1903 ಎಂದರೆ 2003. ವರ್ಷಕ್ಕೆ ಎರಡೇ ಅಂಕಿ ತೋರಿಸುವ ಸೆಟ್ ಸೆಂಚುರಿ ಆಫ್ ಇದ್ದಾಗ 03 ಎಂದು ಹೊಡೆದರೆ ಅದು 19 ಸೇರಿಸಿಕೊಂಡಿರುತ್ತದೆ. ಸಂಘ ಶುರುವಾದ ವರ್ಷಕ್ಕಿಂತ ಹಿಂದಿನ ದಿನಾಂಕ ಬಂದರೆ ನೂರು ಕೂಡಿಸಿ, ಆದರೆ ಹುಟ್ಟಿದ ದಿನಾಂಕದ ಅಂಕಣ ಮುಟ್ಟಬೇಡಿ.

ಬಡ್ಡಿ ಸುಲಭ. ಆ ವರ್ಷದಲ್ಲಿ ಫೆಬ್ರವರಿ 29 ಬಂದಿದೆ, ಒಟ್ಟು 366 ದಿನ. ನಿಮ್ಮ ಹಳೇ ಪ್ರೋಗ್ರಾಮು ಯಾವಾಗಲೂ 365ರಿಂದಲೇ ಭಾಗಿಸಿ 366 ದಿನಕ್ಕೆ ಗುಣಿಸಿದೆ. ಬಂದಿದ್ದು 6,016 ರೂಪಾಯಿ 44 ಪೈಸೆ. ಪೈಸೆ ಬಿಟ್ಟಿದ್ದಾರೆ. ಹೊಸದು 366ರಿಂದ ಭಾಗಿಸಿದೆ. ಯಾವುದು ಸರಿ ಎಂದು ಪ್ರೋಗ್ರಾಮು ಬರೆಯುವವರು ತೀರ್ಮಾನಿಸಬಾರದು. ಸಂಘದ ಠರಾವು ನೋಡಿ. ಮತ್ತೆ ಹಣದ ಅಂಕಣವೆಲ್ಲ ಅಂಕಿಯನ್ನು ಇದ್ದ ಹಾಗೇ ಹಿಡಿಯುವ ನ್ಯೂಮರಿಕ್ ಇರಲಿ, ಅಂದಾಜಿನಲ್ಲಿ ಹಿಡಿಯುವ ಫ್ಲೋಟ್ ಇಟ್ಟರೆ ಪೈಸೆ ಜಾರುತ್ತದೆ.

ಸಂಘದ ಲೆಕ್ಕ, ಬಸವನಗುಡಿ
ಸರ್, ನಿಮ್ಮ ಮಾತು ನಿಜ. 2002ರ ಠರಾವು ಪುಸ್ತಕದಲ್ಲಿ ಸಿಕ್ಕಿತು. "ವರ್ಷಕ್ಕೆ 365 ದಿನವೆಂದು ಪರಿಗಣಿಸಿ" ಎಂದು ಸ್ಪಷ್ಟವಾಗಿ ಬರೆದಿದೆ. ಪ್ರೋಗ್ರಾಮು ಬರೆದವರು ಆಮೇಲೆ ಅದನ್ನೇ ಅದರಲ್ಲಿ ಪಾಲಿಸಿದ್ದಾರೆ. ಇಪ್ಪತ್ತಮೂರು ವರ್ಷ ಆದ ಮೇಲೆ ಅವರ ಕೆಲಸ ಸರಿ ಇತ್ತು ಎಂದು ಗೊತ್ತಾದಾಗ ನನಗೆ ಕಣ್ಣು ತುಂಬಿ ಬಂತು. ಹೊಸದರಲ್ಲಿ 365 ಎಂದು ಹಾಕಿಸಿ, ಪಕ್ಕದಲ್ಲಿ ಠರಾವಿನ ಸಂಖ್ಯೆಯನ್ನೂ ಬರೆಸಿದ್ದೇನೆ. ಮುಂದೆ ಬರುವವರು ಹುಡುಕಾಡಬಾರದು ಅಲ್ವಾ.

ಈಗ ಎರಡೂ ಜೊತೆಯಲ್ಲಿ ನಡೆಸುತ್ತಿದ್ದೇವೆ. ಬೆಳಿಗ್ಗೆಯಿಂದ ಹಳೇದರಲ್ಲಿ, ಸಂಜೆ ಅದೇ ಚೀಟಿಗಳು ಹೊಸದರಲ್ಲಿ. ಆರು ಗಂಟೆಗೆ ದಿನವಹಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ.

ಲೆಕ್ಕದ ಅಂಗಡಿ, ಚಿಕ್ಕಪೇಟೆ
ಏಪ್ರಿಲ್ 1ಕ್ಕೆ ಬದಲಿಸುತ್ತೀರಾ?

ಸಂಘದ ಲೆಕ್ಕ, ಬಸವನಗುಡಿ
ಇಲ್ಲ ಅಣ್ಣ. ಮಾರ್ಚ್, ಏಪ್ರಿಲ್‌ನಲ್ಲಿ ಆಡಿಟ್ ಗಡಿಬಿಡಿ. ಸರ್ವಸದಸ್ಯರ ಸಭೆ ಮುಗಿಸಿಕೊಂಡು ಅಕ್ಟೋಬರ್‌ಗೆ ಹೋಗುತ್ತೇವೆ.

ಸಂಘದ ಲೆಕ್ಕ, ಬಸವನಗುಡಿ
ಸೆಪ್ಟೆಂಬರ್ 30ರ ಲೆಕ್ಕ ಎರಡರಲ್ಲೂ ರೂಪಾಯಿ ಪೈಸೆ ಸಮೇತ ಒಂದೇ ಬಂತು. ಇವತ್ತಿನಿಂದ ಹೊಸದು ಮಾತ್ರ. ತುಂಡಾಗಿದ್ದ 63 ಹೆಸರುಗಳನ್ನು ಷೇರು ಅರ್ಜಿ ನೋಡಿ ಕೈಯಲ್ಲೇ ತಿದ್ದಿದೆವು.

ಬೆಳಿಗ್ಗೆ ಒಬ್ಬರು ಅಜ್ಜಿ ಪಾಸ್‌ಬುಕ್ ಹಾಕಿಸಲು ಬಂದಿದ್ದರು. ಅವರ ಹೆಸರಿನ ಕೊನೆಯ "ಮ್ಮ" ಇಷ್ಟು ವರ್ಷ ಅರ್ಧವೇ ಬರುತ್ತಿತ್ತು. ಇವತ್ತು ಪೂರ್ತಿ ಬಂತು. ಕನ್ನಡಕ ಏರಿಸಿ ಎರಡು ಸಲ ಓದಿದರು.

ಹಳೇ ಫಾಕ್ಸ್, ರಾಜಾಜಿನಗರ
ತುಂಬಾ ಸಂತೋಷ ಮೇಡಂ. ಬ್ಯಾಕಪ್ ತೆಗೆಯುತ್ತಿದ್ದೀರಿ ಸರಿ, ಅದನ್ನು ಬೇರೆ ಯಂತ್ರದಲ್ಲಿ ವಾಪಸ್ ಹಾಕಿ ನೋಡಿದ್ದೀರಾ?

ಸಂಘದ ಲೆಕ್ಕ, ಬಸವನಗುಡಿ
ಹೋದ ಶನಿವಾರ ಆ ಹುಡುಗಿಯ ಲ್ಯಾಪ್‌ಟಾಪ್‌ನಲ್ಲಿ ಹಾಕಿ ನೋಡಿದೆವು ಸರ್. ಏಳು ನಿಮಿಷದಲ್ಲಿ ಪೂರ್ತಿ ವಾಪಸ್ ಬಂತು. ಬಾಕಿ ಮೊತ್ತ ಹೊಂದಿತು. ಇನ್ನು ಪ್ರತಿ ತಿಂಗಳ ಮೊದಲ ಶನಿವಾರ ಮಾಡುತ್ತೇವೆ. ಹಳೇ ಎಕ್ಸ್‌ಪಿ ಯಂತ್ರದ ನೆಟ್‌ವರ್ಕ್ ವೈರ್ ಕಿತ್ತು, ಬಟ್ಟೆ ಮುಚ್ಚಿ ಒಳಗಿನ ಕೋಣೆಯಲ್ಲಿಟ್ಟಿದ್ದೇನೆ.